ನಿಮ್ಮ ಕುರ್ಚಿಗೆ ಆರು ತಿಂಗಳು, ನಮ್ಮ ಕುರ್ಚಿಗೆ?

ಕರ್ನಾಟಕ ವಿಧಾನಸಭೆಯ 224 ಮಾನ್ಯ ಸದಸ್ಯರಿಗೆ,

ಧಾರವಾಡದ ಸಪ್ತಾಪುರದಿಂದ ನಮಸ್ಕಾರ.

ಈ ಕಾಗದವನ್ನು ಮುಖ್ಯಮಂತ್ರಿಗಳಿಗೆ ಬರೆಯಬಹುದಿತ್ತು, ಲೋಕಸೇವಾ ಆಯೋಗದ ಅಧ್ಯಕ್ಷರಿಗೂ ಬರೆಯಬಹುದಿತ್ತು. ಅವರಿಗೆ ನಾವು ಕೊಟ್ಟ ಮನವಿಗಳಿಗೆ ಲೆಕ್ಕವಿಲ್ಲ. ಸ್ವೀಕರಿಸಲಾಗಿದೆ ಎಂಬ ಸೀಲು ಬೀಳುತ್ತದೆ, ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ ಎಂಬ ಒಂದು ಸಾಲು ಬರುತ್ತದೆ. ಸಂಬಂಧಪಟ್ಟ ಇಲಾಖೆ ಯಾವುದೆಂದು ಪತ್ತೆ ಹಚ್ಚುವಷ್ಟರಲ್ಲಿ ಮುಂದಿನ ಮನವಿ ಬರೆಯುವ ಕಾಲ ಬಂದಿರುತ್ತದೆ. ಕಾನೂನು ಮಾಡುವವರು ನೀವು. ನಾನು ಕೇಳಬೇಕೆಂದಿರುವುದೂ ಒಂದು ಕಾನೂನನ್ನೇ, ಸರ್ಕಾರಿ ನೇಮಕಾತಿಗೆ ಗಡುವು ಹಾಕುವ ಕಾನೂನನ್ನು. ಹಾಗಾಗಿ ಪಕ್ಷ ನೋಡದೆ ಎಲ್ಲರಿಗೂ ಒಂದೇ ಕಾಗದ.

ಮೊದಲು ನನ್ನ ಪರಿಚಯ. ಊರು ಗದಗ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ ಆರು ಎಕರೆ ಎರೆಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ನಾನು 2016ರಲ್ಲಿ ಬಿ.ಎ., 2018ರಲ್ಲಿ ಎಂ.ಎ. ಮುಗಿಸಿದೆ. ಅಂದಿನಿಂದ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದುತ್ತ ಸಪ್ತಾಪುರದಲ್ಲಿದ್ದೇನೆ. ಈಗ ಮೂವತ್ತು ದಾಟಿದೆ. ಹೊರಗಿನವರಿಗೆ ಧಾರವಾಡವೆಂದರೆ ಪೇಢೆ, ಸಾಹಿತ್ಯ, ಸಂಗೀತ, ಜಿಟಿಜಿಟಿ ಮಳೆ. ಸಪ್ತಾಪುರದ ಧಾರವಾಡ ಬೇರೆಯೇ. ಇಲ್ಲಿ ಬೆಳಿಗ್ಗೆ ಆರಕ್ಕೆ ಚಹಾದಂಗಡಿಯ ಮುಂದೆ ನಿಂತವರ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಪ್ರಚಲಿತ ಘಟನೆಗಳ ಹಾಳೆ. ಝೆರಾಕ್ಸ್ ಅಂಗಡಿಗಳಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೊಪ್ಪಿನ ಸಿವುಡಿನಂತೆ ಕಟ್ಟಿ ಜೋಡಿಸಿಟ್ಟಿರುತ್ತಾರೆ. ಹೊಸ ಮುಖ ಕಂಡರೆ ‘ಏನು ಮಾಡುತ್ತೀರಿ’ ಎಂದು ಯಾರೂ ಕೇಳುವುದಿಲ್ಲ, ‘ಯಾವುದಕ್ಕೆ ಓದುತ್ತಿದ್ದೀರಿ’ ಎಂದೇ ಕೇಳುತ್ತಾರೆ. ಎಫ್‌ಡಿಎ, ಪಿಎಸ್‌ಐ, ಪಿಡಿಒ, ಕೆಎಎಸ್; ಅಂದರೆ ಪ್ರಥಮ ದರ್ಜೆ ಸಹಾಯಕ, ಪೊಲೀಸ್ ಸಬ್ ಇನ್‌ಸ್ಪೆಕ್ಟರ್, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕರ್ನಾಟಕ ಆಡಳಿತ ಸೇವೆ. ಕೆಲವರು ‘ಯಾವುದು ಬಂದರೆ ಅದಕ್ಕೆ’ ಎನ್ನುತ್ತಾರೆ. ಅವರು ಇಲ್ಲಿಗೆ ಬಂದು ಬಹಳ ವರ್ಷವಾಯಿತು ಎಂದು ಅರ್ಥ.

ನಾನು ಓದುವ ಕೋಣೆ ಒಂದು ಮನೆಯ ಮೇಲಂತಸ್ತಿನಲ್ಲಿದೆ. ಪ್ಲೈವುಡ್ ಹಲಗೆಗಳಿಂದ ಅಡ್ಡಗಟ್ಟಿದ ಅರವತ್ತು ಗೂಡುಗಳು. ಗೂಡಿಗೊಂದು ಕುರ್ಚಿ, ಒಂದು ದೀಪ, ಮೊಬೈಲ್‌ಗೊಂದು ಪ್ಲಗ್. ತಿಂಗಳಿಗೆ ಎಂಟುನೂರು ರೂಪಾಯಿ. ನನ್ನದು 43ನೇ ಕುರ್ಚಿ. 2023ರಲ್ಲಿ ನಾನು ಇಲ್ಲಿಗೆ ಬಂದಾಗ ಹಲಗೆಯ ಮೇಲೆ ಹಿಂದಿನವರು ಯಾರೋ ‘ಎಫ್‌ಡಿಎ 24 ಜನವರಿ’ ಎಂದು ಬರೆದು, ಅದನ್ನು ಹೊಡೆದುಹಾಕಿ, ಕೆಳಗೆ ‘28 ಫೆಬ್ರುವರಿ’ ಎಂದು ಬರೆದಿದ್ದರು. 2021ರ ಮಾತು ಅದು. ಪರೀಕ್ಷೆಯ ಹಿಂದಿನ ದಿನ ಪ್ರಶ್ನೆಪತ್ರಿಕೆ ಸೋರಿಕೆಯಾಗಿ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಅದರ ಪಕ್ಕದ ಕೈಬರಹ ನನ್ನದು, ಕೆಎಎಸ್ ಪೂರ್ವಭಾವಿಯದು. ಜುಲೈ 7, ಜುಲೈ 21, ಆಗಸ್ಟ್ 25, ಆಗಸ್ಟ್ 27, ಡಿಸೆಂಬರ್ 29. ಕೊನೆಯದೊಂದನ್ನು ಬಿಟ್ಟು ಎಲ್ಲಕ್ಕೂ ಗೆರೆ ಎಳೆದಿದ್ದೇನೆ. ಮೊದಲು ಪೆನ್ನಿನಲ್ಲಿ ಬರೆಯುತ್ತಿದ್ದೆ. ಈಗ ಪೆನ್ಸಿಲ್ ಇಟ್ಟುಕೊಂಡಿದ್ದೇನೆ.

ಕಳೆದ ಮುಂಗಾರಿನಲ್ಲಿ ಕೊಯ್ಲಿಗೆ ಬಂದ ಹೆಸರು ಬಿಡದ ಮಳೆಗೆ ಸಿಕ್ಕಿ ಕಾಯಿಯಲ್ಲೇ ಮೊಳಕೆಯೊಡೆಯಿತು. ಬೆಳೆಹಾನಿಯ ಪಟ್ಟಿಗೆ ತನ್ನ ಹೆಸರು ಸೇರಿಸಲೆಂದು ಅಪ್ಪ ತಲಾಟಿಯವರನ್ನು ಹುಡುಕಿಕೊಂಡು ಹೋದ. ನಮ್ಮ ಕಡೆ ಗ್ರಾಮಲೆಕ್ಕಿಗರಿಗೆ ಇವತ್ತಿಗೂ ತಲಾಟಿ ಎಂದೇ ಹೆಸರು. ಸರ್ಕಾರ ಈಚೆಗೆ ಅವರನ್ನು ಗ್ರಾಮ ಆಡಳಿತಾಧಿಕಾರಿ ಎಂದು ಕರೆಯುತ್ತಿದೆ. ಹುದ್ದೆಯ ಹೆಸರು ಬೆಳೆಯಿತೇ ಹೊರತು ಹುದ್ದೆಯಲ್ಲಿರುವವರ ಸಂಖ್ಯೆ ಬೆಳೆಯಲಿಲ್ಲ. ನಮ್ಮೂರಿನ ತಲಾಟಿಯವರ ಹೆಗಲಿಗೆ ಇನ್ನೂ ಎರಡು ವೃತ್ತಗಳ ಹೆಚ್ಚುವರಿ ಪ್ರಭಾರ ಬಿದ್ದಿದೆ. ಸೋಮವಾರ ಹೋದರೆ ಅವರು ಪಕ್ಕದ ವೃತ್ತದಲ್ಲಿ; ಬುಧವಾರ ಹೋದರೆ ತಾಲ್ಲೂಕು ಕಚೇರಿಯ ಸಭೆಯಲ್ಲಿ. ಮೂರನೆಯ ಸಲ ಸಿಕ್ಕರು. ಊಟದ ಡಬ್ಬಿ ಬೈಕಿಗೆ ತೂಗುಹಾಕಿಕೊಂಡೇ ಮಾತನಾಡಿಸಿದರಂತೆ, ಬಿಚ್ಚಲು ಹೊತ್ತಿಲ್ಲದೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಮೂವರ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದರೆ ಯಾರಾದರೂ ಹಾಗೆಯೇ ಓಡಾಡಬೇಕಾಗುತ್ತದೆ.

ಆ ರಾತ್ರಿ ಅಪ್ಪ ಫೋನ್ ಮಾಡಿ ಎಲ್ಲವನ್ನೂ ಹೇಳಿ, ಕೊನೆಗೆ, ‘ಆ ಖಾಲಿ ಕುರ್ಚಿಯಲ್ಲಿ ಕೂರುವುದಕ್ಕೆ ಅಲ್ಲವೇನವ್ವ ನೀನು ಓದುತ್ತಿರುವುದು?’ ಎಂದು ಕೇಳಿದ. ವ್ಯಂಗ್ಯವಾಡುವ ಮನುಷ್ಯನಲ್ಲ, ನಿಜಕ್ಕೂ ಕೇಳಿದ. ಕುರ್ಚಿ ಇದೆ. ಅದರ ಮುಂದೆ ಅಪ್ಪ ಅರ್ಜಿ ಹಿಡಿದು ನಿಂತಿದ್ದಾನೆ. ಅದರಲ್ಲಿ ಕೂರಲು ತಯಾರಾಗಿ ನಾನು ನೂರು ಕಿಲೋಮೀಟರ್ ಆಚೆ ಇನ್ನೊಂದು ಕುರ್ಚಿಯಲ್ಲಿ ಕುಳಿತಿದ್ದೇನೆ. ಹಾಗಿದ್ದರೆ ತಡೆ ಎಲ್ಲಿದೆ ಎನ್ನುವುದು ಅವನ ಪ್ರಶ್ನೆ. ನನಗೆ ಉತ್ತರ ಹೊಳೆಯಲಿಲ್ಲ. ನಿಮಗೆ ಹೊಳೆಯಬಹುದು ಎಂದು ಈ ಕಾಗದ.

ಲೆಕ್ಕ ನಿಮಗೆ ಗೊತ್ತಿರುವುದೇ. ರಾಜ್ಯ ಸರ್ಕಾರದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಖಾಲಿ ಇರುವುದು ಎರಡೂವರೆ ಲಕ್ಷಕ್ಕೂ ಹೆಚ್ಚು. ಸರ್ಕಾರವೇ ಒಪ್ಪಿಕೊಂಡಿರುವ ಲೆಕ್ಕವಿದು. ಮೂರು ಕುರ್ಚಿಗಳಿದ್ದ ಕಡೆ ಒಂದು ಖಾಲಿ. 2024ರಲ್ಲಿ ಒಂದು ಸಾವಿರ ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ ಐದು ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು. ನಾನೂ ಹಾಕಿದ್ದೆ. ಸಿಗಲಿಲ್ಲ. ಅದಕ್ಕೆ ದೂರಿಲ್ಲ, ಬರೆದೆ, ಸೋತೆ, ಯಾವ ಪ್ರಶ್ನೆಯಲ್ಲಿ ಎಡವಿದೆ ಎನ್ನುವುದೂ ಗೊತ್ತಿದೆ. ಸೋಲನ್ನು ತಾಳಿಕೊಳ್ಳುವುದನ್ನು ಸಪ್ತಾಪುರ ಬೇರೆ ಯಾವ ಊರಿಗಿಂತಲೂ ಚೆನ್ನಾಗಿ ಕಲಿಸುತ್ತದೆ. ಪರೀಕ್ಷೆಯೇ ನಡೆಯದೆ ಸೋಲುವುದು ಹೇಗೆ ಎನ್ನುವುದನ್ನು ಮಾತ್ರ ಯಾರೂ ಕಲಿಸಿಲ್ಲ.

ಈಗ ನಿಮ್ಮ ಪರೀಕ್ಷೆಗೆ ಬರುತ್ತೇನೆ. 2023ರ ಮಾರ್ಚ್ 29ರಂದು ಚುನಾವಣಾ ಆಯೋಗ ವಿಧಾನಸಭೆ ಚುನಾವಣೆಯನ್ನು ಘೋಷಿಸಿತು. ಮೇ 10ಕ್ಕೆ ಮತದಾನ. ಐದು ಕೋಟಿಗೂ ಹೆಚ್ಚು ಮತದಾರರು, ಐವತ್ತೆಂಟು ಸಾವಿರಕ್ಕೂ ಹೆಚ್ಚು ಮತಗಟ್ಟೆಗಳು, ಒಂದೇ ದಿನ. ಮೇ 13ಕ್ಕೆ ಫಲಿತಾಂಶ, ಮೇ 20ಕ್ಕೆ ಮುಖ್ಯಮಂತ್ರಿಗಳ ಪ್ರಮಾಣವಚನ. ಅಧಿಸೂಚನೆಯ ಸುದ್ದಿಯಿಂದ ಹುದ್ದೆಗೆ ಸೇರುವವರೆಗೆ ಒಟ್ಟು 52 ದಿನ. ಮತಗಟ್ಟೆಯಲ್ಲಿ ಶಾಯಿ ಹಚ್ಚಿದವರು, ಮತಯಂತ್ರ ಹೊತ್ತವರು, ಮತ ಎಣಿಸಿದವರು ಇದೇ ರಾಜ್ಯದ ಶಿಕ್ಷಕರು, ಗುಮಾಸ್ತರು, ತಲಾಟಿಗಳು. ಅದೇ ಶಾಲಾ ಕೊಠಡಿಗಳು. ಅಂದರೆ ನಮ್ಮ ರಾಜ್ಯಕ್ಕೆ ದೊಡ್ಡ ಪರೀಕ್ಷೆಯನ್ನು ಹೊತ್ತಿಗೆ ಸರಿಯಾಗಿ ನಡೆಸಲು ಬರುತ್ತದೆ.

ಚುನಾವಣೆಗೂ ನೇಮಕಾತಿಗೂ ಎಲ್ಲಿಯ ಹೋಲಿಕೆ, ಅದು ಸಂವಿಧಾನದ ಕಟ್ಟುಪಾಡು ಎಂದು ನೀವು ಹೇಳಬಹುದು. ಹೌದು, ನಾನು ಹೇಳಬೇಕೆಂದಿರುವುದೂ ಅದನ್ನೇ. ನಿಮಗೆ ಕಟ್ಟುಪಾಡು ಇದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಂ ನಮ್ಮ ಕೋಣೆಯ ಅರವತ್ತೂ ಕುರ್ಚಿಗಳಿಗೆ ಬಾಯಿಪಾಠ. ಶಾಸಕರ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕು. ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಮತ್ತು ಅಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. 2024ರ ಜೂನ್‌ನಲ್ಲಿ ಶಿಗ್ಗಾವಿ, ಸಂಡೂರು, ಚನ್ನಪಟ್ಟಣದ ಶಾಸಕರು ಲೋಕಸಭೆಗೆ ಹೋದರು. ನವೆಂಬರ್ 23ಕ್ಕೆ ಮೂರೂ ಕಡೆ ಹೊಸ ಶಾಸಕರು ಬಂದರು. ಶಿಗ್ಗಾವಿ ನನ್ನ ಕೋಣೆಯ ಗೆಳತಿಯೊಬ್ಬಳ ತಾಲ್ಲೂಕು. ಮತ ಹಾಕಲು ಊರಿಗೆ ಹೋಗಿ ಬಂದವಳು, ‘ಶಾಸಕರಿಲ್ಲದೆ ಐದು ತಿಂಗಳು ಕಳೆದದ್ದು ನಮ್ಮೂರಿನಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ, ಪಿಡಿಒ ಇಲ್ಲದ್ದು ಮಾತ್ರ ಎಲ್ಲರಿಗೂ ಗೊತ್ತು’ ಎಂದಳು. ತಪ್ಪು ತಿಳಿಯಬೇಡಿ, ಅವಳ ಮಾತನ್ನು ಹಾಗೆಯೇ ಬರೆದಿದ್ದೇನೆ.

ವಿಧಾನಸಭೆಗೆ ಸ್ಪರ್ಧಿಸಲು ಕನಿಷ್ಠ ವಯಸ್ಸು 25; ಗರಿಷ್ಠ ಎಂಬುದಿಲ್ಲ. ನಮಗೆ ಎರಡೂ ಇವೆ.

ನಮ್ಮ ಪರೀಕ್ಷೆಗಳ ಕಥೆಯನ್ನು ಪೂರ್ತಿ ಹೇಳಹೊರಟರೆ ಈ ಕಾಗದ ಮುಗಿಯುವುದಿಲ್ಲ. ಒಂದನ್ನು ಹೇಳುತ್ತೇನೆ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಅರ್ಜಿ ಕರೆದದ್ದು 2021ರ ಜನವರಿಯಲ್ಲಿ. ಅಕ್ಟೋಬರ್ 3ರಂದು ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಮುಂದಿನ ಜನವರಿಯಲ್ಲಿ ಆಯ್ಕೆಪಟ್ಟಿ ಬಂತು. ಆಮೇಲೆ ಒಂದೊಂದಾಗಿ ಹೊರಬಿದ್ದದ್ದು ಇಡೀ ದೇಶಕ್ಕೆ ಗೊತ್ತಿದೆ. ಖಾಲಿ ಬಿಟ್ಟುಬಂದ ಓಎಂಆರ್ ಉತ್ತರಪತ್ರಿಕೆಗಳು ಆಮೇಲೆ ಭರ್ತಿಯಾಗಿದ್ದವು, ಕಿವಿಯೊಳಗಿನ ಬ್ಲೂಟೂತ್ ಉತ್ತರ ಹೇಳಿಕೊಟ್ಟಿತ್ತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರನ್ನೇ ಸಿಐಡಿ ಬಂಧಿಸಿತು. 2022ರ ಏಪ್ರಿಲ್ 29ರಂದು ಸರ್ಕಾರ ಪರೀಕ್ಷೆಯನ್ನು ರದ್ದು ಮಾಡಿತು, 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2024ರ ಜನವರಿ 23ಕ್ಕೆ ಮರುಪರೀಕ್ಷೆ ಆಯಿತು. ಅಧಿಸೂಚನೆಯಿಂದ ಮರುಪರೀಕ್ಷೆಗೇ ಮೂರು ವರ್ಷ. ಯಾರು ಅಪರಾಧಿ, ಯಾರು ಅಲ್ಲ ಎಂಬುದನ್ನು ನ್ಯಾಯಾಲಯ ಹೇಳಲಿ. ನನ್ನನ್ನು ಕಾಡುವವರು ಬೇರೆ. ಆ 545ರಲ್ಲಿ ನೆಟ್ಟಗೆ ಓದಿ, ನೆಟ್ಟಗೆ ಬರೆದು ಪಾಸಾದವರೂ ಇದ್ದರು. ಊರಿನಲ್ಲಿ ಮಾಲೆ ಹಾಕಿಸಿಕೊಂಡವರು, ಬ್ಯಾನರ್ ಕಟ್ಟಿಸಿಕೊಂಡವರು. ಮೂರೇ ತಿಂಗಳಿಗೆ ಅವರೂ ಕಳ್ಳರ ಸಾಲಿನಲ್ಲಿ ನಿಂತರು. ‘ನೀನು ಎಷ್ಟು ಕೊಟ್ಟಿದ್ದೆ?’ ಎಂದು ಸ್ವಂತ ಸೋದರಮಾವನೇ ಕೇಳಿದನೆಂದು ಒಬ್ಬ ಹುಡುಗ ನನ್ನ ಮುಂದೆ ಹೇಳಿ ನಕ್ಕಿದ್ದ. ನಗುವಂಥ ಮಾತಾಗಿರಲಿಲ್ಲ ಅದು.

ಆ ಹಗರಣದ ನಂತರ ಬಿಗಿ ಬಂದಿತು. ಎಲ್ಲಿ ಬಂದಿತು ಗೊತ್ತೇ? ನಮ್ಮ ಮೈಮೇಲೆ. ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ಕಿವಿಯಲ್ಲಿ ಏನೂ ಬೇಡ. ಒಂದು ಪರೀಕ್ಷೆಯ ದಿನ ಗೇಟಿನ ಬಳಿ ನನ್ನ ಬೆಂಡೋಲೆ ತೆಗೆಯಲು ಹೇಳಿದರು. ಅವ್ವ ಹಾಕಿಸಿದ ಹಳೆಯ ತಿರುಪು, ಬಿಗಿದು ಕುಳಿತಿತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಅಪರಿಚಿತ ಹುಡುಗಿ ಸೋಪಿನ ನೀರು ಹಚ್ಚಿ ತಿರುಗಿಸಿದಳು, ಕಿವಿ ಕೆಂಪಾಗಿ ಚೂರು ರಕ್ತ ಬಂತು. ಒಳಗೆ ಹೋಗಿ ಮೊದಲ ಹತ್ತು ಪ್ರಶ್ನೆಗಳನ್ನು ಕಿವಿ ಒತ್ತಿಕೊಂಡೇ ಓದಿದೆ. ತಪಾಸಣೆ ಬೇಡ ಎನ್ನುತ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ ನಿಗಮ-ಮಂಡಳಿಗಳ ಎಫ್‌ಡಿಎ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಮತ್ತೆ ಬ್ಲೂಟೂತ್ ಸಿಕ್ಕಿದ ಮೇಲೆ ತಪಾಸಣೆ ಬೇಡ ಎನ್ನಲು ನನಗೆ ಬಾಯಿಲ್ಲ. ಬೆಂಡೋಲೆ ತೆಗೆಸಿದಷ್ಟೇ ಶ್ರದ್ಧೆಯಿಂದ ಹಾಳೆ ತಿದ್ದುವ ಕೋಣೆಯ ಬಾಗಿಲನ್ನೂ ಕಾಯಿರಿ ಎನ್ನುತ್ತೇನೆ, ಅಷ್ಟೇ. ಹತ್ತು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದಾದ ಕಾನೂನನ್ನು 2023ರ ಡಿಸೆಂಬರ್‌ನಲ್ಲಿ ನೀವೇ ಒಪ್ಪಿದ್ದೀರಿ. ಒಳ್ಳೆಯದು. ಅದು ಕಳ್ಳನಿಗೆ ಹಾಕಿದ ಬೇಲಿ. ಕಳ್ಳತನವಿಲ್ಲದೆಯೂ ನಮ್ಮ ವರ್ಷಗಳು ಸೋರಿಹೋಗುತ್ತವಲ್ಲ, ಅದಕ್ಕೆ ಯಾವ ಕಾನೂನಿದೆ?

ಕೆಎಎಸ್ ಪೂರ್ವಭಾವಿಯನ್ನೇ ನೋಡಿ. 384 ಹುದ್ದೆಗಳು. ನನ್ನ ಹಲಗೆಯ ಮೇಲಿನ ಗೆರೆಗಳೆಲ್ಲ ಮುಗಿದು 2024ರ ಆಗಸ್ಟ್ 27ರಂದು ಪರೀಕ್ಷೆ ನಡೆಯಿತು. ಪ್ರಶ್ನೆಗಳನ್ನು ಕನ್ನಡಕ್ಕೆ ತಂದ ರೀತಿ ಎಷ್ಟು ಕೆಟ್ಟದಾಗಿತ್ತೆಂದರೆ ಮುಖ್ಯಮಂತ್ರಿಗಳೇ ಒಂದು ವಾರದೊಳಗೆ ಮರುಪರೀಕ್ಷೆ ಘೋಷಿಸಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಬರೆದರು. ಮತ್ತೆ ಅನುವಾದದ ತಪ್ಪುಗಳು, ಮತ್ತೆ ಬೀದಿ, ಮತ್ತೆ ನ್ಯಾಯಮಂಡಳಿ. ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಪ್ರಶ್ನೆ ಅರ್ಥವಾಗದಿದ್ದಾಗ ಮೊದಲು ಅನುಮಾನ ಬರುವುದು ಪ್ರಶ್ನೆಯ ಮೇಲಲ್ಲ, ತನ್ನ ಮೇಲೆಯೇ. ನಿಮಿಷಗಳು ಅಲ್ಲಿ ಹೋಗುತ್ತವೆ. ಇಂಗ್ಲಿಷ್ ನೋಡಿಕೊಂಡು ಕನ್ನಡವನ್ನು ಅರ್ಥ ಮಾಡಿಕೊಳ್ಳುವ ಪರೀಕ್ಷೆ ಕನ್ನಡ ನಾಡಿನ ಆಡಳಿತ ಸೇವೆಗೇ ನಡೆಯುತ್ತದೆ ಎಂದರೆ ನವೆಂಬರ್ ಒಂದರಂದು ನಾವು ಹಾರಿಸುವ ಬಾವುಟಕ್ಕೂ ಮುಜುಗರವಾಗಬೇಕು. ಪ್ರಶ್ನೆಯನ್ನು ಮೊದಲು ಕನ್ನಡದಲ್ಲೇ ಬರೆಯಿಸಿ, ಆಮೇಲೆ ಇಂಗ್ಲಿಷಿಗೆ ಮಾಡಿಸಿ. ಇದಕ್ಕೆ ಸಮಿತಿಯೂ ಬೇಡ, ಸಾಫ್ಟ್‌ವೇರೂ ಬೇಡ.

ಒಂದು ಮಾತು ಎಚ್ಚರಿಕೆಯಿಂದ ಹೇಳಬೇಕು. 2024ರ ಅಕ್ಟೋಬರ್ ಕೊನೆಯಿಂದ ಹೊಸ ಅಧಿಸೂಚನೆಗಳು ನಿಂತವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ನೇಮಕಾತಿ ಬೇಡ ಎಂದು ಸಂಪುಟ ನಿರ್ಧರಿಸಿತ್ತು. 2025ರ ಆಗಸ್ಟ್ 19ರಂದು ಪರಿಶಿಷ್ಟ ಜಾತಿಗಳ ಮೂರು ಗುಂಪುಗಳಿಗೆ ಆರು, ಆರು, ಐದು ಎಂದು ಶೇ 17ರ ಹಂಚಿಕೆ ಆಯಿತು. ಈ ತಿಂಗಳುಗಳಲ್ಲಿ ಓದುವ ಕೋಣೆಗಳಲ್ಲಿ ಕೆಲವರು ‘ಅವರಿಂದಾಗಿ ನಮಗೆ ತಡ’ ಎಂದು ಗೊಣಗಿದ್ದನ್ನು ನಾನು ಕೇಳಿದ್ದೇನೆ. ನನ್ನ ಕೋಣೆಯ ಇನ್ನೊಬ್ಬ ಗೆಳತಿ ಮಾದಿಗ ಸಮುದಾಯದವಳು. ಅವಳು ಒಂದು ದಿನ ಪುಸ್ತಕ ಮುಚ್ಚಿ, ‘ಈ ಒಳಮೀಸಲಾತಿಗೆಂದೇ ಸದಾಶಿವ ಆಯೋಗ ಆದದ್ದು 2005ರಲ್ಲಿ, ನಾನು ಆಗ ಐದನೇ ತರಗತಿ. ವರದಿ ಬಂದದ್ದು 2012ರಲ್ಲಿ, ಆಗ ಪಿಯುಸಿ. ತೀರ್ಮಾನ ಆಗುವಾಗ ನನಗೆ ಮೂವತ್ತು. ಯಾರಿಂದ ಯಾರಿಗೆ ತಡವಾಯಿತು?’ ಎಂದು ಕೇಳಿದಳು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನ್ಯಾಯದ ಹಂಚಿಕೆಯನ್ನು ಹದಿಮೂರು ವರ್ಷ ಕಪಾಟಿನಲ್ಲಿಟ್ಟು, ಕೊನೆಗೆ ಅದರ ತಡದ ಲೆಕ್ಕವನ್ನು ಬಡವರ ಎರಡು ಗುಂಪುಗಳ ಮಧ್ಯೆ ಎಸೆದು ಕಚ್ಚಾಡಲು ಬಿಟ್ಟದ್ದು ಒಂದು ಪಕ್ಷದ ಒಂದು ಸರ್ಕಾರವಲ್ಲ. ಈ ಸದನದ ಮೂರೂ ಬದಿಯ ಬೆಂಚುಗಳಿಗೆ ಅದರಲ್ಲಿ ಪಾಲಿದೆ.

2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದ ಬೀದಿಗಳಲ್ಲಿ ಸಾವಿರಾರು ಮಂದಿ ಇಳಿದಾಗ ನಾನೂ ಇದ್ದೆ. ಘೋಷಣೆ ಕೂಗಿ ಅಭ್ಯಾಸವಿಲ್ಲದ ಗಂಟಲುಗಳು. ಅದೇ ತಿಂಗಳು ಸರ್ಕಾರ ಗರಿಷ್ಠ ವಯೋಮಿತಿಯನ್ನು ಒಂದು ಬಾರಿಗೆ ಮೂರು ವರ್ಷ ಸಡಿಲಿಸಿತು. ಧನ್ಯವಾದ ಹೇಳಬೇಕು, ಹೇಳುತ್ತೇನೆ. ಆದರೆ ನಮ್ಮ ಮೂರು ವರ್ಷ ತೆಗೆದುಕೊಂಡವರು ಮೂರು ವರ್ಷ ವಾಪಸ್ ಕೊಟ್ಟರೆ ಅದು ಸಾಲ ತೀರಿಸಿದಂತೆ. ದಾನ ಮಾಡಿದಂತೆ ಜಾಹೀರಾತು ಹಾಕಿಕೊಳ್ಳಬಾರದು. ಅದೂ ಪೂರ್ತಿ ತೀರುವುದಿಲ್ಲ. ವಯೋಮಿತಿ ಸಡಿಲಿಸುವ ಆದೇಶ ವಿಧಾನಸೌಧದಿಂದ ಹೊರಡುತ್ತದೆ, ನಮ್ಮೂರಿನ ಗಂಡಿನ ಕಡೆಯವರ ಮನೆ ತಲುಪುವುದಿಲ್ಲ. ಇಪ್ಪತ್ತೇಳಕ್ಕೆ ನನ್ನನ್ನು ನೋಡಲು ಬಂದವರು ‘ನೌಕರಿ ಆದ ಮೇಲೆ ನೋಡೋಣ’ ಎಂದರು. ಮೂವತ್ತಕ್ಕೆ ‘ವಯಸ್ಸಾಯಿತಲ್ಲ’ ಎಂದರು. ಓದುವ ಹುಡುಗರಿಗೆ ಇದರ ಅರ್ಧವೂ ಇಲ್ಲ. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ನಮ್ಮ ಕೋಣೆಯಲ್ಲಿ ಹುಡುಗಿಯರ ನಾಲ್ಕಾರು ಕುರ್ಚಿಗಳು ಖಾಲಿಯಾಗುತ್ತವೆ. ಲಗ್ನಪತ್ರಿಕೆ ಬರುತ್ತದೆ, ಹೋಗಿ ಉಂಡು ಬರುತ್ತೇವೆ, ಅವರ ಟಿಪ್ಪಣಿ ಪುಸ್ತಕಗಳನ್ನು ಹಂಚಿಕೊಳ್ಳುತ್ತೇವೆ. ನನ್ನ ಅರ್ಥಶಾಸ್ತ್ರದ ಟಿಪ್ಪಣಿಗಳೆಲ್ಲ ಹಾಗೆ ಮದುವೆಯಾಗಿ ಹೋದವಳೊಬ್ಬಳ ಕೈಬರಹದಲ್ಲಿವೆ. ನನಗಿಂತ ಚುರುಕಾಗಿದ್ದಳು.

ಇದು ಕರ್ನಾಟಕದ ಗೋಳು ಮಾತ್ರ ಎಂದು ಹೇಳಿದರೆ ತಪ್ಪಾಗುತ್ತದೆ. ಉತ್ತರ ಪ್ರದೇಶದಲ್ಲಿ 2024ರ ಫೆಬ್ರುವರಿಯಲ್ಲಿ 60,244 ಕಾನ್‌ಸ್ಟೆಬಲ್ ಹುದ್ದೆಗಳಿಗೆ ನಲವತ್ತೆಂಟು ಲಕ್ಷದಷ್ಟು ಮಂದಿ ಅರ್ಜಿ ಹಾಕಿದ್ದ ಪರೀಕ್ಷೆ ಸೋರಿಕೆಯ ಕಾರಣಕ್ಕೆ ರದ್ದಾಯಿತು. ಆದರೆ ಅಲ್ಲಿ ಆಗಸ್ಟ್‌ನಲ್ಲಿ ಮರುಪರೀಕ್ಷೆ ಮುಗಿದಿತ್ತು. ನಮ್ಮಲ್ಲಿ 545 ಹುದ್ದೆಗಳ ಮರುಪರೀಕ್ಷೆಗೆ ರದ್ದತಿಯಿಂದ ಇಪ್ಪತ್ತೊಂದು ತಿಂಗಳು ಹಿಡಿಯಿತು. ಕೇಂದ್ರ ಲೋಕಸೇವಾ ಆಯೋಗ ಮುಂದಿನ ವರ್ಷದ ಪರೀಕ್ಷೆಗಳ ದಿನಾಂಕವನ್ನು ಹಿಂದಿನ ವರ್ಷವೇ ಪ್ರಕಟಿಸುತ್ತದೆ. ಅಲ್ಲಿ ಫೇಲಾದವರಿಗೂ ಮುಂದಿನ ಸಲ ಯಾವಾಗ ಎಂದು ಗೊತ್ತಿರುತ್ತದೆ. ಫೇಲಾಗುವುದರಲ್ಲೂ ಒಂದು ಮರ್ಯಾದೆ ಇದೆ, ಅದು ಆ ತಾರೀಖಿನಿಂದ ಬರುತ್ತದೆ.

ಹಾಗಾಗಿ ನನ್ನ ಬೇಡಿಕೆ ಹುದ್ದೆಯಲ್ಲ, ತಾರೀಖು. ನೌಕರರು 60ಕ್ಕೆ ನಿವೃತ್ತರಾಗುತ್ತಾರೆ. ನಿವೃತ್ತಿ ಸಿಡಿಲಿನಂತೆ ಬಂದೆರಗುವ ಸಂಗತಿಯಲ್ಲ; ಸೇವೆಗೆ ಸೇರಿದ ದಿನವೇ ಅದರ ದಿನಾಂಕ ಸೇವಾ ಪುಸ್ತಕದಲ್ಲಿರುತ್ತದೆ. ಮುಂದಿನ ವರ್ಷ ಯಾವ ತಾಲ್ಲೂಕಿನಲ್ಲಿ ಎಷ್ಟು ಕುರ್ಚಿ ಖಾಲಿಯಾಗುತ್ತದೆ ಎಂದು ಸರ್ಕಾರದ ಕಂಪ್ಯೂಟರಿಗೆ ಈಗಲೇ ಗೊತ್ತು. ಅವುಗಳಲ್ಲಿ ಯಾವುದನ್ನು ತುಂಬುತ್ತೀರಿ ಎನ್ನುವುದು ಹಣಕಾಸಿನ ವಿಷಯ, ಒಪ್ಪುತ್ತೇನೆ. ಎಲ್ಲವನ್ನೂ ತುಂಬಲು ಆಗದಿರಬಹುದು. ಖಾಲಿ ಹುದ್ದೆ ಖಜಾನೆಗೆ ಉಳಿತಾಯ ಎನ್ನುವ ಗುಟ್ಟೂ ನಮಗೆ ಗೊತ್ತು. ಹೊರಗುತ್ತಿಗೆಯವರು, ಅತಿಥಿ ಶಿಕ್ಷಕರು ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಮಾಡುವುದನ್ನು ಊರೂರಿನಲ್ಲಿ ನೋಡುತ್ತಿದ್ದೇವೆ. ತುಂಬುವುದಿಲ್ಲವೆಂದಾದರೆ ಹಾಗೆಂದು ಬರೆದು ಪ್ರಕಟಿಸಿ. ನನ್ನ ಅಪ್ಪ ಅದನ್ನು ಓದಿಕೊಂಡು ನನ್ನನ್ನು ವಾಪಸ್ ಕರೆಸಿಕೊಳ್ಳುತ್ತಾನೆ, ನಾನು ಬೇರೆ ದಾರಿ ನೋಡಿಕೊಳ್ಳುತ್ತೇನೆ. ತುಂಬುವುದಾದರೆ ಆರು ತಿಂಗಳೊಳಗೆ ಅಧಿಸೂಚನೆ, ವರ್ಷದ ಆರಂಭದಲ್ಲೇ ಪರೀಕ್ಷೆಯ ದಿನಾಂಕಗಳ ಪಟ್ಟಿ. ದಿನಾಂಕ ತಪ್ಪಿದರೆ ಸಂಬಂಧಪಟ್ಟ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಕಾರಣ ಹೇಳಬೇಕು. ಅಭ್ಯರ್ಥಿಯ ವಯಸ್ಸನ್ನು ಪರೀಕ್ಷೆ ನಡೆದ ದಿನಕ್ಕಲ್ಲ, ನಡೆಯಬೇಕಾಗಿದ್ದ ದಿನಕ್ಕೆ ಲೆಕ್ಕ ಹಾಕಬೇಕು. ನಿಮ್ಮ 151ಎ ಕಲಮಿನ ಪಕ್ಕದಲ್ಲಿ ನಮಗೂ ಒಂದು ಕಲಂ.

ಇಂಥದ್ದು ಈ ರಾಜ್ಯಕ್ಕೆ ಹೊಸದೂ ಅಲ್ಲ. 2011ರಲ್ಲಿ ಇದೇ ಸದನ ಸಕಾಲ ಕಾಯ್ದೆ ಮಾಡಿತು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಇಷ್ಟು ದಿನ ಎಂದು ಗಡುವು. ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಒಟ್ಟು 500 ಮೀರದಂತೆ. ನಾನು ಒಂದು ಸಂಜೆ ಬೇಸರ ಕಳೆಯಲು ಈ ದರದಲ್ಲಿ ಲೆಕ್ಕ ಹಾಕಿದೆ. ಪಿಎಸ್‌ಐ ಅಭ್ಯರ್ಥಿಯೊಬ್ಬನಿಗೆ ಮೂರು ವರ್ಷಕ್ಕೆ ಇಪ್ಪತ್ತೊಂದು ಸಾವಿರದ ಒಂಬೈನೂರು ರೂಪಾಯಿ ಬರಬೇಕಾಗುತ್ತದೆ. ಗರಿಷ್ಠ ಮಿತಿ ಅಡ್ಡ ಬಂದು ಐನೂರಕ್ಕೆ ನಿಂತಿತು. ನಮಗೆ ಐನೂರೂ ಬೇಡ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯ ಯುವನಿಧಿಯೂ ನನಗೆ ಬರುವುದಿಲ್ಲ. ಅದು 2022–23ರಿಂದ ಈಚೆಗೆ ಪಾಸಾದವರಿಗೆ. ಅವರಿಗೆ ಸಿಗುತ್ತಿರುವುದು ಒಳ್ಳೆಯದೇ. ಆ ಹಣದಲ್ಲಿ ಓದುವ ಕೋಣೆಯ ಬಾಡಿಗೆ ಕಟ್ಟುವವರು ನಮ್ಮಲ್ಲೇ ಇದ್ದಾರೆ.

ನಾಳೆ ಒಂದು ವೇಳೆ ತಲಾಟಿಯಾದರೆ ಏನು ಮಾಡುತ್ತೀ ಎಂದು ಗೆಳತಿಯರು ಕೇಳುತ್ತಿರುತ್ತಾರೆ. ದೇಶ ಬದಲಿಸುತ್ತೇನೆ ಎನ್ನುವಷ್ಟು ಧೈರ್ಯ ನನಗಿಲ್ಲ. ಕಚೇರಿಯ ಬಾಗಿಲಿಗೆ ಒಂದು ಸ್ಲೇಟು ತೂಗುಹಾಕಿ, ಯಾವ ದಿನ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಇಲ್ಲಿರುತ್ತೇನೆ ಎಂದು ಬರೆಯುತ್ತೇನೆ. ಬರೆದ ಹೊತ್ತಿಗೆ ಅಲ್ಲಿರುತ್ತೇನೆ. ಹೆಸರುಕಾಳು ಮೊಳಕೆಯೊಡೆದ ವರ್ಷ ಅಪ್ಪನಂಥವರು ಒಂದೇ ಸಲ ಬಂದು ಹೋದರೆ ಸಾಕು.

ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ನಿಮ್ಮಲ್ಲಿ ಬಹಳ ಮಂದಿ ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿದು ಬೈಪಾಸ್ ಹಿಡಿದು ಧಾರವಾಡದ ಹೊರಗಿನಿಂದಲೇ ಹೋಗುತ್ತೀರಿ. ನಾವು ಪ್ರತಿ ಸಲ ಬಸ್ಸಿನಲ್ಲಿ ನಿಮ್ಮ ಹಿಂದೆಯೇ ಬಂದು, ಸುವರ್ಣಸೌಧದಿಂದ ಸಾಕಷ್ಟು ದೂರದಲ್ಲಿ ಹಾಕಿದ ಶಾಮಿಯಾನದಡಿ ಕೂತು, ಸಂಜೆ ಮಂತ್ರಿಯೊಬ್ಬರ ಕೈಗೆ ಮನವಿ ಕೊಟ್ಟು ಮರಳುತ್ತೇವೆ. ಮುಂದಿನ ಸಲ ನೀವೇ ಬನ್ನಿ. ಬೈಪಾಸ್ ಬಿಟ್ಟು ಊರೊಳಗೆ ಬಂದರೆ ಸಪ್ತಾಪುರಕ್ಕೆ ಕಾರಿನಲ್ಲಿ ಎಷ್ಟು ಹೊತ್ತೂ ಆಗುವುದಿಲ್ಲ. ಯಾವ ಓದುವ ಕೋಣೆಗಾದರೂ ಬನ್ನಿ, ಭಾಷಣ ಬೇಡ, ಒಂದು ಗಂಟೆ ಒಂದು ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಮ್ಮದಾದರೆ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ, ಭಾನುವಾರವೂ. ಮೊಬೈಲ್ ಸದ್ದು ಮಾಡಬಾರದು, ಚಪ್ಪಲಿ ಮೆಟ್ಟಿಲ ಕೆಳಗೆ ಬಿಡಬೇಕು. ಕುರ್ಚಿ ಖಾಲಿ ಇಲ್ಲದಿದ್ದರೆ ನನ್ನದನ್ನು ಬಿಟ್ಟುಕೊಡುತ್ತೇನೆ.

ಇತಿ,
ಆಸನ ಸಂಖ್ಯೆ 43,
ಸಪ್ತಾಪುರ, ಧಾರವಾಡ